ಔಷಧಿ ಉಚಿತ, ದಾರಿಯನ್ನು ಮುಚ್ಚಿದವರು ಯಾರು?

ಬೆಂಗಳೂರಿನ ಕಗ್ಗದಾಸಪುರದಿಂದ ಶಿವಾಜಿನಗರದ ಬೌರಿಂಗ್ ಮತ್ತು ಲೇಡಿ ಕರ್ಜನ್ ಆಸ್ಪತ್ರೆಗೆ ಸುಮಾರು ಹತ್ತು ಕಿಲೋಮೀಟರ್ ದೂರ. ವಾಹನ ದಟ್ಟಣೆ ಎಷ್ಟೇ ಇರಲಿ, ಬೆಳಿಗ್ಗೆ ಬೇಗ ಮನೆ ಬಿಟ್ಟವನು ವೈದ್ಯರು ಎದ್ದು ಹೋಗುವ ಮುನ್ನ ಅಲ್ಲಿಗೆ ತಲುಪಬಹುದು. ಆ ಆಸ್ಪತ್ರೆಯಲ್ಲಿ ಎಚ್‌ಐವಿ ಸೋಂಕಿತರಿಗೆ ಔಷಧಿ ನೀಡುವ ಎಆರ್‌ಟಿ ಕೇಂದ್ರವಿದೆ. ದೇಶದಲ್ಲಿ ಈ ಔಷಧಿಯನ್ನು ಸರಕಾರವೇ ಉಚಿತವಾಗಿ ಕೊಡಲಾರಂಭಿಸಿದ್ದು 2004ರ ಏಪ್ರಿಲ್ 1ರಂದು. 2017ರಿಂದೀಚೆಗೆ, ರೋಗ ಉಲ್ಬಣಿಸುವ ತನಕ ಕಾಯದೆ, ಸೋಂಕು ದೃಢಪಟ್ಟ ಪ್ರತಿಯೊಬ್ಬರಿಗೂ ಔಷಧಿ ಕೊಡಬೇಕೆಂಬ ನೀತಿ ಜಾರಿಯಲ್ಲಿದೆ. ಪರೀಕ್ಷೆಗೆ ಹಣವಿಲ್ಲ, ಮಾತ್ರೆಗೆ ಹಣವಿಲ್ಲ. ನಿಷ್ಠೆಯಿಂದ ಮಾತ್ರೆ ಸೇವಿಸಿದವನು ಇತರರಂತೆ ದುಡಿದು, ಮಕ್ಕಳನ್ನು ಸಾಕಿ, ಮುದುಕನಾಗಿ ಬಾಳಬಲ್ಲನು.

ಆದರೂ, ಸೂಜಿಯ ಮೂಲಕ ಮಾದಕ ದ್ರವ್ಯ ಚುಚ್ಚಿಕೊಳ್ಳುವ ಚಟಕ್ಕೆ ಬಿದ್ದ ಯುವಕನಿಗೆ ಈ ಹತ್ತು ಕಿಲೋಮೀಟರ್ ದಾಟಲು ವರ್ಷಗಳೇ ಹಿಡಿಯುತ್ತವೆ. ಕೆಲವರು ದಾಟುವುದೇ ಇಲ್ಲ. ಅವರು ಸಾಯುವುದು ಔಷಧಿಯಿಲ್ಲದೆ ಅಲ್ಲ. ಔಷಧಿಯ ಬಳಿಗೆ ಹೋಗಲಾಗದೆ. ಹಾಗಾದರೆ ದಾರಿಯಲ್ಲಿ ಅಡ್ಡ ನಿಂತವರು ಯಾರು? ಕಾನೂನು ಅಡ್ಡ ನಿಂತಿದೆ, ಆಸ್ಪತ್ರೆಯ ವ್ಯವಸ್ಥೆ ಅಡ್ಡ ನಿಂತಿದೆ ಎಂದು ನಾವು ಹೇಳಬಹುದು, ಅದು ಸುಳ್ಳಲ್ಲ. ಆದರೆ ಮೊದಲ ಬಾಗಿಲಲ್ಲೇ ಅಡ್ಡ ನಿಂತವರು ನಾವೇ ಅಲ್ಲವೇ ಎಂಬ ಪ್ರಶ್ನೆಯನ್ನು ಈ ವಾರ ನಮ್ಮ ಓದುಗರ ಮುಂದಿಡಲು ಬಯಸುತ್ತೇವೆ.

ಕುಟುಂಬದವರೆಲ್ಲ ಕೂಡಿ ಓದುವ ಪತ್ರಿಕೆಯಲ್ಲಿ ಇಂಥ ವಿಷಯವೇಕೆ ಎಂದು ಕೆಲವರು ಹುಬ್ಬು ಗಂಟಿಕ್ಕಬಹುದು. ಇಸ್ಲಾಮಿನಲ್ಲಿ ಅಮಲು ಪದಾರ್ಥ ಹರಾಮ್, ಆದ್ದರಿಂದ ನಮ್ಮ ಸಮುದಾಯದಲ್ಲಿ ಈ ಸಮಸ್ಯೆ ಇಲ್ಲ ಎಂಬುದು ನಮ್ಮ ಬಹಳ ಹಳೆಯ ಆತ್ಮವಂಚನೆ. ಹರಾಮ್ ಎಂಬ ತೀರ್ಪಿಗೂ ಸಮಾಜದ ವಾಸ್ತವಕ್ಕೂ ನಡುವೆ ಎಷ್ಟು ಅಂತರವಿದೆ ಎಂಬುದನ್ನು ವರದಕ್ಷಿಣೆಯ ವಿಷಯದಲ್ಲಿ, ಬಡ್ಡಿಯ ವಿಷಯದಲ್ಲಿ ನಾವು ಕಂಡಿದ್ದೇವೆ. ಅಮಲಿನ ವಿಷಯದಲ್ಲಿ ಮಾತ್ರ ಕಣ್ಣು ಮುಚ್ಚಿಕೊಳ್ಳುವುದೇಕೆ?

ಅಂಕಿ ಅಂಶಗಳು ಹೇಳುವುದೇನು?

ಒಬ್ಬನ ರಕ್ತ ಅಂಟಿದ ಸೂಜಿಯನ್ನು ಮತ್ತೊಬ್ಬನು ಚುಚ್ಚಿಕೊಂಡಾಗ ವೈರಾಣು ನೇರವಾಗಿ ರಕ್ತನಾಳಕ್ಕೆ ಸೇರುತ್ತದೆ. ಎಚ್‌ಐವಿ ಹರಡುವ ದಾರಿಗಳಲ್ಲಿ ಇದು ಅತ್ಯಂತ ವೇಗದ್ದು. ಮಣಿಪುರದ ಅನುಭವ ನಮ್ಮ ಮುಂದಿದೆ. 1989-90ರ ಹೊತ್ತಿಗೆ ಅಲ್ಲಿನ ಹೆರಾಯಿನ್ ಚಟಗಾರರಲ್ಲಿ ಸೋಂಕು ಕಾಣಿಸಿಕೊಂಡಿತು. ನೋಡನೋಡುತ್ತಿದ್ದಂತೆ ಅವರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಹರಡಿತು. ಅವರಿಂದ ಏನೂ ಅರಿಯದ ಪತ್ನಿಯರಿಗೆ, ಅವರಿಂದ ಮಕ್ಕಳಿಗೆ ದಾಟಿತು.

2019ರಲ್ಲಿ ಪ್ರಕಟವಾದ, ದಿಲ್ಲಿಯ ಏಮ್ಸ್ ಸಂಸ್ಥೆಯ ನೇತೃತ್ವದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಸೂಜಿಯ ಮೂಲಕ ಮಾದಕ ದ್ರವ್ಯ ತೆಗೆದುಕೊಳ್ಳುವವರ ಸಂಖ್ಯೆ ಸುಮಾರು 8.5 ಲಕ್ಷ. ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆಯಾದ ನ್ಯಾಕೋ 2021ರಲ್ಲಿ ನಡೆಸಿದ ಕಣ್ಗಾವಲು ಸಮೀಕ್ಷೆಯಲ್ಲಿ ಇಂಥವರ ಪೈಕಿ ನೂರಕ್ಕೆ ಒಂಬತ್ತು ಮಂದಿಯಲ್ಲಿ ಎಚ್‌ಐವಿ ಕಂಡುಬಂದಿತ್ತು. ದೇಶದ ವಯಸ್ಕರಲ್ಲಿ ಒಟ್ಟಾರೆ ಈ ಪ್ರಮಾಣ ಸಾವಿರಕ್ಕೆ ಇಬ್ಬರ ಆಸುಪಾಸಿನಲ್ಲಿದೆ. ಅಂದರೆ ಸೂಜಿಯ ಚಟವುಳ್ಳವರಲ್ಲಿ ಸೋಂಕು ನಲವತ್ತು ಪಟ್ಟಿಗೂ ಹೆಚ್ಚು.

ಕರ್ನಾಟಕದಲ್ಲಿ ಎಚ್‌ಐವಿ ಹರಡಿದ್ದು ಮುಖ್ಯವಾಗಿ ಲೈಂಗಿಕ ಸಂಪರ್ಕದಿಂದ. ಈಶಾನ್ಯ ರಾಜ್ಯಗಳಿಗೆ ಅಥವಾ ಪಂಜಾಬಿಗೆ ಹೋಲಿಸಿದರೆ ಸೂಜಿಯ ಚಟವುಳ್ಳವರು ಇಲ್ಲಿ ಕಡಿಮೆ. ಇದು ಸಮಾಧಾನದ ಸಂಗತಿಯಾಗಬೇಕಿತ್ತು. ಆದರೆ ಇದೇ ಅವರ ಪಾಲಿಗೆ ಶಾಪವಾಗಿದೆ. ಯೋಜನೆಗಳೂ ಹಣವೂ ಸಂಖ್ಯೆ ಇರುವಲ್ಲಿಗೆ ಹರಿಯುತ್ತವೆ. ಸಂಖ್ಯೆ ಕಡಿಮೆ ಇದ್ದವರು ಯಾರ ಲೆಕ್ಕಕ್ಕೂ ಸಿಗುವುದಿಲ್ಲ. ಅಷ್ಟರಲ್ಲಿ ಚಟದ ಸ್ವರೂಪವೂ ಬದಲಾಗುತ್ತಿದೆ. ವೈದ್ಯರ ಚೀಟಿಯಿಲ್ಲದೆ ಮಾರುವಂತಿಲ್ಲದ ಟಪೆಂಟಡಾಲ್ ಎಂಬ ನೋವು ನಿವಾರಕ ಮಾತ್ರೆ ಅಮಲಿನ ವಸ್ತುವಾಗುತ್ತಿರುವುದರ ಬಗ್ಗೆ ಬೆಂಗಳೂರಿನ ನಿಮ್ಹಾನ್ಸ್‌ನ ವೈದ್ಯರು 2020ರಲ್ಲೇ ವೈದ್ಯಕೀಯ ನಿಯತಕಾಲಿಕದಲ್ಲಿ ಎಚ್ಚರಿಸಿದ್ದರು. ಔಷಧಿ ಅಂಗಡಿಯಿಂದ ಬರುವ ಅಮಲಿಗೆ ದುರ್ವಾಸನೆಯಿಲ್ಲ, ಬಾಟಲಿಯಿಲ್ಲ. ಮನೆಯವರಿಗೆ ಅದು ತಿಳಿಯುವ ಹೊತ್ತಿಗೆ ಬಹಳ ತಡವಾಗಿರುತ್ತದೆ.

‘ಮೊದಲು ಚಟ ಬಿಡು’

ಕಗ್ಗದಾಸಪುರದ ಒಂದು ಗಲ್ಲಿಯಲ್ಲಿ ಗ್ಯಾರೇಜ್ ಕೆಲಸ ಮಾಡುವ ಇಪ್ಪತ್ನಾಲ್ಕರ ಯುವಕನೊಬ್ಬನನ್ನು ಕಲ್ಪಿಸಿಕೊಳ್ಳೋಣ. ಯುವಕನು ಕಲ್ಪಿತ, ಅವನಿಗೆ ಎದುರಾಗುವ ಅಡೆತಡೆಗಳಲ್ಲಿ ಯಾವುದೂ ಕಲ್ಪಿತವಲ್ಲ. ಜ್ವರ ಬಿಡುತ್ತಿಲ್ಲವೆಂದು ಹೋದಾಗ ರಕ್ತ ಪರೀಕ್ಷೆಯಲ್ಲಿ ಎಚ್‌ಐವಿ ಪತ್ತೆಯಾಗಿದೆ. ಅವನ ಚಟವೂ ಬಯಲಾಗಿದೆ. ಆಗ ಅವನು ಎಲ್ಲೆಡೆ ಕೇಳುವ ಮಾತು ಒಂದೇ: ‘ಮೊದಲು ಚಟ ಬಿಟ್ಟು ಬಾ, ಆಮೇಲೆ ನೋಡೋಣ.’ ಮನೆಯಲ್ಲಿ ತಂದೆ ಇದನ್ನೇ ಹೇಳುತ್ತಾರೆ, ಮಸೀದಿಯಲ್ಲಿ ಹಿರಿಯರು ಇದನ್ನೇ ಹೇಳುತ್ತಾರೆ, ಕೆಲವೊಮ್ಮೆ ಬಿಳಿ ಕೋಟು ತೊಟ್ಟವರೂ ಇದನ್ನೇ ಹೇಳುತ್ತಾರೆ.

ಈ ಮಾತು ಕೇಳಲು ನ್ಯಾಯವಾಗಿಯೇ ಇದೆ. ಆದರೆ ಇದು ಎಷ್ಟು ಅಪಾಯಕಾರಿ ಎಂಬುದನ್ನು ನಾವು ಅರಿಯಬೇಕು. ಅಫೀಮಿನ ವರ್ಗದ ಮಾದಕ ದ್ರವ್ಯಗಳ ಚಟವು ಬರೀ ದುಷ್ಟತನವಲ್ಲ, ಅದು ಮೆದುಳಿನ ಕಾರ್ಯವನ್ನೇ ಬದಲಾಯಿಸುವ ಕಾಯಿಲೆ. ನಿಲ್ಲಿಸಿದ ಮರುದಿನವೇ ಮೈಕೈ ನೋವು, ವಾಂತಿ, ಭೇದಿ, ನಿದ್ರಾಹೀನತೆ ಕಾಡುತ್ತವೆ. ಬಿಟ್ಟವರು ಮತ್ತೆ ಮತ್ತೆ ಜಾರಿ ಬೀಳುವುದು ಈ ಕಾಯಿಲೆಯ ಲಕ್ಷಣವೇ. ಬಿಡುವುದಕ್ಕೆ ತಿಂಗಳುಗಳು ಬೇಕು, ವರ್ಷಗಳೂ ಬೇಕಾಗಬಹುದು. ಎಚ್‌ಐವಿ ಅಷ್ಟು ಕಾಲ ಕಾಯುವುದಿಲ್ಲ. ಅದು ದಿನದಿನವೂ ದೇಹದ ರೋಗ ನಿರೋಧಕ ಶಕ್ತಿಯನ್ನು ತಿನ್ನುತ್ತಾ, ಕ್ಷಯದಂತಹ ರೋಗಗಳಿಗೆ ಬಾಗಿಲು ತೆರೆಯುತ್ತದೆ. ಚಟ ಬಿಟ್ಟ ನಂತರವೇ ಚಿಕಿತ್ಸೆ ಎನ್ನುವುದು, ಈಜು ಕಲಿತ ನಂತರವೇ ನೀರಿನಿಂದ ಮೇಲೆತ್ತುವೆವು ಎಂದು ಮುಳುಗುತ್ತಿರುವವನಿಗೆ ಹೇಳಿದಂತೆ.

ವೈದ್ಯರ ಹಿಂಜರಿಕೆಗೂ ಒಂದು ಕಾರಣವಿದೆ, ಅದನ್ನು ನಾವು ಅಲ್ಲಗಳೆಯುವುದಿಲ್ಲ. ಎಚ್‌ಐವಿ ಔಷಧಿಯನ್ನು ದಿನ ತಪ್ಪಿಸಿ ಸೇವಿಸಿದರೆ ವೈರಾಣು ಆ ಔಷಧಿಗೆ ಮಣಿಯದಂತಾಗುತ್ತದೆ. ಚಟಗಾರನು ನಿತ್ಯವೂ ಮಾತ್ರೆ ಸೇವಿಸುತ್ತಾನೆಂಬ ಭರವಸೆ ಏನು ಎಂಬುದು ಅವರ ಆತಂಕ. ಆದರೆ ಚಟವಿದೆ ಎಂಬ ಒಂದೇ ಕಾರಣಕ್ಕೆ ಔಷಧಿ ನಿರಾಕರಿಸಬಾರದೆಂದು ವಿಶ್ವ ಆರೋಗ್ಯ ಸಂಸ್ಥೆಯೇ ಸ್ಪಷ್ಟಪಡಿಸಿದೆ. ಆತಂಕಕ್ಕೆ ಉತ್ತರವಿರುವುದು ನಿರಾಕರಣೆಯಲ್ಲಲ್ಲ, ಆಸರೆಯಲ್ಲಿ. ಬ್ಯುಪ್ರೆನಾರ್ಫಿನ್ ಅಥವಾ ಮೆಥಡೋನ್ ಎಂಬ ಬದಲಿ ಔಷಧಿಯನ್ನು ವೈದ್ಯರ ಕಣ್ಣೆದುರಲ್ಲೇ ದಿನವೂ ಸೇವಿಸಿದರೆ ಸೂಜಿಯ ಹಂಬಲ ತಗ್ಗುತ್ತದೆ, ಯಾತನೆ ಶಮನವಾಗುತ್ತದೆ. ಬದುಕು ಒಂದು ಕ್ರಮಕ್ಕೆ ಬಂದವನು ಎಚ್‌ಐವಿ ಮಾತ್ರೆಯನ್ನೂ ತಪ್ಪದೆ ಸೇವಿಸುತ್ತಾನೆ ಎಂಬುದು ಅನೇಕ ದೇಶಗಳ ಅನುಭವ. ಇದು ಒಂದು ಅಮಲಿನ ಬದಲು ಮತ್ತೊಂದು ಅಮಲಲ್ಲವೇ ಎಂದು ಕೇಳುವವರಿದ್ದಾರೆ. ಮೋಜಿಗಾಗಿ ಚುಚ್ಚಿಕೊಳ್ಳುವುದಕ್ಕೂ ರೋಗಿಗೆ ವೈದ್ಯನು ಅಳೆದು ಕೊಡುವುದಕ್ಕೂ ಇರುವ ವ್ಯತ್ಯಾಸವನ್ನು ಶಸ್ತ್ರಚಿಕಿತ್ಸೆಯ ವೇಳೆ ಅರಿವಳಿಕೆ ಪಡೆದ ನಾವೆಲ್ಲರೂ ಒಪ್ಪಿಕೊಂಡಿದ್ದೇವೆ.

ಕಾನೂನಿನ ಎರಡು ನಾಲಿಗೆ

ನಮ್ಮ ಯುವಕನು ಆಸ್ಪತ್ರೆಗೆ ಹೋಗಲು ಮನಸ್ಸು ಮಾಡಿದನೆನ್ನೋಣ. ಎರಡನೆಯ ಅಡ್ಡಗೋಡೆ ಖಾಕಿಯ ಭಯ. 1985ರ ಮಾದಕ ದ್ರವ್ಯ ತಡೆ ಕಾಯ್ದೆಯ 27ನೆಯ ಸೆಕ್ಷನ್ ಪ್ರಕಾರ ಮಾರಾಟ ಮಾತ್ರವಲ್ಲ, ಸೇವನೆಯೂ ಅಪರಾಧ. ಹೆರಾಯಿನ್‌ನಂಥ ದ್ರವ್ಯ ಸೇವಿಸಿದವನಿಗೆ ಒಂದು ವರ್ಷದ ತನಕ ಸೆರೆಮನೆ ವಾಸ ಅಥವಾ 20 ಸಾವಿರ ರೂಪಾಯಿ ತನಕ ದಂಡ ಅಥವಾ ಎರಡೂ ಆಗಬಹುದು. ಜೇಬಿನಲ್ಲಿ ಸಿರಿಂಜ್ ಸಿಕ್ಕರೆ ಅದೇ ಸಾಕ್ಷಿಯಾದೀತೆಂಬ ಭಯದಿಂದ ಯುವಕರು ಹೊಸ ಸೂಜಿ ಇಟ್ಟುಕೊಳ್ಳುವುದಿಲ್ಲ. ಇದ್ದ ಒಂದನ್ನೇ ನಾಲ್ವರು ಹಂಚಿಕೊಳ್ಳುತ್ತಾರೆ. ಆಸ್ಪತ್ರೆಯಲ್ಲಿ ನಿಜ ನುಡಿದರೆ ಪೊಲೀಸರಿಗೆ ಸುದ್ದಿ ಹೋದೀತೆಂದು ಹೆದರುತ್ತಾರೆ. ಮುಸ್ಲಿಮ್ ಮೊಹಲ್ಲಾಗಳ ಯುವಕರನ್ನು ಮೊದಲೇ ಸಂಶಯದ ಕಣ್ಣಿನಿಂದ ನೋಡುವ ಪರಿಪಾಠವಿರುವಲ್ಲಿ ಈ ಭಯ ಇಮ್ಮಡಿಯಾಗುತ್ತದೆ.

ಆದರೆ ಅದೇ ಕಾಯ್ದೆಯಲ್ಲಿ 64ಎ ಎಂಬ ಇನ್ನೊಂದು ಸೆಕ್ಷನ್ ಇದೆ. ಸೇವನೆಯ ಅಥವಾ ಅಲ್ಪ ಪ್ರಮಾಣದ ಆರೋಪ ಹೊತ್ತ ಚಟಗಾರನು ಸ್ವಇಚ್ಛೆಯಿಂದ ಸರಕಾರಿ ಅಥವಾ ಮಾನ್ಯತೆ ಪಡೆದ ಸಂಸ್ಥೆಯಲ್ಲಿ ಚಿಕಿತ್ಸೆಗೆ ಮುಂದಾಗಿ ಅದನ್ನು ಪಡೆದರೆ ಅವನಿಗೆ ಮೊಕದ್ದಮೆಯಿಂದ ರಕ್ಷಣೆಯಿದೆ. ಚಿಕಿತ್ಸೆಯನ್ನು ಅರ್ಧಕ್ಕೆ ಬಿಟ್ಟರೆ ಆ ರಕ್ಷಣೆ ಹಿಂತೆಗೆಯಲ್ಪಡಬಹುದು. ಇನ್ನು 2018ರ ಸೆಪ್ಟೆಂಬರ್ 10ರಂದು ಜಾರಿಗೆ ಬಂದ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆಯ 22ನೆಯ ಸೆಕ್ಷನ್ ಸೋಂಕಿನ ಅಪಾಯ ತಗ್ಗಿಸುವ ಕೆಲಸಕ್ಕೆ ಕಾನೂನಿನ ರಕ್ಷಣೆ ನೀಡುತ್ತದೆ. ಹಳೆಯ ಸೂಜಿ ಪಡೆದು ಶುದ್ಧ ಸೂಜಿ ಕೊಡುವ ಕಾರ್ಯಕರ್ತನೂ ಅದನ್ನು ಪಡೆಯುವ ಚಟಗಾರನೂ ಆ ಕಾರಣಕ್ಕೆ ಅಪರಾಧಿಗಳಾಗುವುದಿಲ್ಲವೆಂದು ಕಾಯ್ದೆಯೇ ಉದಾಹರಣೆ ಕೊಟ್ಟು ವಿವರಿಸಿದೆ. ರೋಗಿಯ ಒಪ್ಪಿಗೆಯಿಲ್ಲದೆ ಪರೀಕ್ಷೆ ನಡೆಸುವುದನ್ನು, ಅವನ ಗುಟ್ಟನ್ನು ಬಯಲು ಮಾಡುವುದನ್ನು, ಸೋಂಕಿನ ಕಾರಣಕ್ಕೆ ಕೆಲಸ, ಬಾಡಿಗೆ ಮನೆ ಅಥವಾ ಚಿಕಿತ್ಸೆ ನಿರಾಕರಿಸುವುದನ್ನು ಅದು ನಿಷೇಧಿಸಿದೆ.

ಒಂದು ಕಾನೂನು ಸೂಜಿ ಹಿಡಿದವನನ್ನು ಸೆರೆಮನೆಗೆ ಕರೆಯುತ್ತದೆ, ಇನ್ನೊಂದು ಆಸ್ಪತ್ರೆಗೆ ಕರೆಯುತ್ತದೆ. ಬೀದಿಯಲ್ಲಿರುವ ಪೇದೆಗೆ ಮೊದಲನೆಯದು ಮಾತ್ರ ಗೊತ್ತು. ಚಟಗಾರನಿಗೂ ಮೊದಲನೆಯದು ಮಾತ್ರ ಗೊತ್ತು. ಮಾದಕ ದ್ರವ್ಯ ಮಾರಿ ನಮ್ಮ ಮಕ್ಕಳ ಬದುಕನ್ನು ಹಿಂಡುವವರ ಮೇಲೆ ಪೊಲೀಸರು ಕೈಗೊಳ್ಳುವ ಕ್ರಮಕ್ಕೆ ನಮ್ಮ ಪೂರ್ಣ ಬೆಂಬಲವಿದೆ. ಆದರೆ ಮಾರುವವನನ್ನೂ ಮಾರಲ್ಪಟ್ಟವನನ್ನೂ ಒಂದೇ ಹಗ್ಗದಲ್ಲಿ ಕಟ್ಟಬಾರದು. ಈ ಅರಿವನ್ನು ಠಾಣೆಗಳಿಗೆ ಮುಟ್ಟಿಸುವುದು ಸರಕಾರದ ಕೆಲಸ. ನಮ್ಮ ಮನೆಗಳಿಗೆ ಮುಟ್ಟಿಸುವುದು ನಮ್ಮ ಕೆಲಸ.

ಒಂದು ದೇಹ, ನಾಲ್ಕು ಬಾಗಿಲು

ಆಸ್ಪತ್ರೆ ತಲುಪಿದ ಮೇಲೆ ಎಲ್ಲವೂ ಸುಗಮವೇ? ಎಚ್‌ಐವಿ ಔಷಧಿ ಒಂದು ಕಡೆ. ಚಟದ ಚಿಕಿತ್ಸೆ ಇನ್ನೊಂದು ಕಡೆ. ಕ್ಷಯವಿದ್ದರೆ ಅದಕ್ಕೆ ಮತ್ತೊಂದು ಕೊಠಡಿ. ಸೂಜಿಯಿಂದಲೇ ಹರಡುವ ಹೆಪಟೈಟಿಸ್ ಸಿ ಎಂಬ ಯಕೃತ್ತಿನ ರೋಗಕ್ಕೆ ಮಗದೊಂದು. 2018ರ ಜುಲೈ 28ರಂದು ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮದಡಿ ಈ ಕೊನೆಯ ರೋಗಕ್ಕೂ ಉಚಿತ ಔಷಧಿಯಿದೆ, ಅದು ಪೂರ್ತಿ ವಾಸಿಯಾಗುವ ರೋಗವೂ ಹೌದು. ಆದರೆ ನಾಲ್ಕು ರೋಗ ಒಂದೇ ದೇಹದಲ್ಲಿರುತ್ತವೆ, ನಾಲ್ಕು ಬಾಗಿಲು ನಾಲ್ಕು ದಿಕ್ಕಿನಲ್ಲಿರುತ್ತವೆ. ಬದಲಿ ಔಷಧಿಗೆ ದಿನವೂ ಹಾಜರಾಗಬೇಕು. ದಿನಗೂಲಿಯ ಮೇಲೆ ಬದುಕುವವನು ಯಾವ ದಿನ ಗ್ಯಾರೇಜಿಗೆ ಹೋಗಬೇಕು, ಯಾವ ದಿನ ಸರದಿಯಲ್ಲಿ ನಿಲ್ಲಬೇಕು?

ಈ ಔಷಧಿಗಳು ಪರಸ್ಪರ ಸೆಣಸುವುದೂ ಉಂಟು. ಕ್ಷಯಕ್ಕೆ ಕೊಡುವ ರಿಫಾಂಪಿಸಿನ್ ಬದಲಿ ಔಷಧಿಯ ಬಲವನ್ನು ಕುಗ್ಗಿಸಿ, ಹಳೆಯ ಹಂಬಲವನ್ನು ಮತ್ತೆ ಎಬ್ಬಿಸಬಹುದು. ಇಂದು ಬಳಕೆಯಲ್ಲಿರುವ ಡೊಲುಟೆಗ್ರಾವಿರ್ ಎಂಬ ಎಚ್‌ಐವಿ ಔಷಧಿಯನ್ನು ರಿಫಾಂಪಿಸಿನ್ ಜೊತೆ ಕೊಡುವಾಗ ದಿನಕ್ಕೆ ಎರಡು ಬಾರಿ ಕೊಡಬೇಕಾಗುತ್ತದೆ. ಒಬ್ಬ ವೈದ್ಯರು ಕೊಟ್ಟದ್ದು ಇನ್ನೊಬ್ಬರಿಗೆ ತಿಳಿಯದಿದ್ದರೆ ರೋಗಿ ಕೆಡುತ್ತಾನೆ. ಅವಮಾನಕ್ಕೆ ಹೆದರಿ ಅವನೇ ಮುಚ್ಚಿಟ್ಟರೆ ತಿಳಿಯುವುದಾದರೂ ಹೇಗೆ? ವರ್ಷಗಟ್ಟಲೆ ಚುಚ್ಚಿ ನರಗಳು ಬತ್ತಿಹೋದವನ ತೋಳಿನಲ್ಲಿ ಪರೀಕ್ಷೆಗೆ ರಕ್ತ ತೆಗೆಯುವುದೂ ಕಷ್ಟ. ಆ ಹೊತ್ತಿನಲ್ಲಿ ಬರುವ ಒಂದು ಚುಚ್ಚುಮಾತು ಸಾಕು, ಅವನು ಮತ್ತೆ ಆ ಕಡೆ ತಲೆ ಹಾಕುವುದಿಲ್ಲ.

ಇದಕ್ಕೆ ಪರಿಹಾರವಿಲ್ಲವೆಂದಲ್ಲ. ಇರಾನಿನ ಕೆರ್ಮಾನ್‌ಶಾಹ್ ನಗರದಲ್ಲಿ 2000ದ ಹೊತ್ತಿಗೆ ಅರಶ್ ಮತ್ತು ಕಾಮ್ಯಾರ್ ಅಲಾಯಿ ಎಂಬ ವೈದ್ಯ ಸಹೋದರರು ಮಾದಕ ವ್ಯಸನ, ಎಚ್‌ಐವಿ ಮತ್ತು ಲೈಂಗಿಕ ರೋಗಗಳ ಚಿಕಿತ್ಸೆಯನ್ನು ಒಂದೇ ಸೂರಿನಡಿ ತಂದರು. ‘ತ್ರಿಕೋನ ಚಿಕಿತ್ಸಾಲಯ’ ಎಂದು ಹೆಸರಾದ ಈ ಮಾದರಿಯನ್ನು ವಿಶ್ವ ಆರೋಗ್ಯ ಸಂಸ್ಥೆಯೂ ಮೆಚ್ಚಿಕೊಂಡಿತು. ಮಾಹಿತಿ ತಂತ್ರಜ್ಞಾನದ ರಾಜಧಾನಿಯೆಂದು ಬೀಗುವ ಬೆಂಗಳೂರಿನಲ್ಲಿ ಪ್ರತಿಯೊಂದು ದೊಡ್ಡ ಸರಕಾರಿ ಆಸ್ಪತ್ರೆಯೂ ಹೀಗಾಗಲು ಅಡ್ಡಿಯೇನು?

ಸರಕಾರಕ್ಕೆ ಇನ್ನೊಂದು ಮಾತು ಹೇಳಬೇಕಾಗಿದೆ. ಎಚ್‌ಐವಿ ಕಾಯ್ದೆಯ 14ನೆಯ ಸೆಕ್ಷನ್ ಔಷಧಿ ಒದಗಿಸುವ ಹೊಣೆಯನ್ನು ‘ಸಾಧ್ಯವಾದ ಮಟ್ಟಿಗೆ’ ಎಂಬ ಪದಗಳಿಂದ ಸಡಿಲಗೊಳಿಸಿದೆ. ಈ ಪದಗಳ ಬೆಲೆ ಏನೆಂಬುದು 2022ರಲ್ಲಿ ಬಯಲಾಯಿತು. ಔಷಧಿಯ ಕೊರತೆಯಿಂದ ಕಂಗೆಟ್ಟ ಸೋಂಕಿತರು ಆ ವರ್ಷ ಜುಲೈಯಲ್ಲಿ ದಿಲ್ಲಿಯ ನ್ಯಾಕೋ ಕಚೇರಿಯಲ್ಲಿ ಧರಣಿ ಹೂಡಿ, ಒಂದು ತಿಂಗಳಿಗೂ ಹೆಚ್ಚು ಕಾಲ ಕದಲದೆ ಕುಳಿತರು. ಒಂದು ದಿನವೂ ತಪ್ಪಿಸಬಾರದ ಔಷಧಿಗೆ ‘ಸಾಧ್ಯವಾದ ಮಟ್ಟಿಗೆ’ ಎಂಬ ಭರವಸೆ ಭರವಸೆಯೇ ಅಲ್ಲ.

ಮಾನ ಮುಚ್ಚುವ ಮನೆ

ಇಷ್ಟು ಹೇಳಿ ಸುಮ್ಮನಾದರೆ ನಾವು ಇತರರ ಕಡೆ ಬೆರಳು ತೋರಿಸಿ ಪಾರಾದಂತಾಗುತ್ತದೆ. ಈಗ ನಮ್ಮ ಮನೆಯೊಳಗೆ ನೋಡೋಣ.

ಮಗನ ಚಟ ತಿಳಿದಾಗ ನಮ್ಮ ಮನೆಗಳಲ್ಲಿ ಮೊದಲು ನಡೆಯುವುದು ಮುಚ್ಚಿಡುವ ಕೆಲಸ. ಅಕ್ಕಪಕ್ಕದವರಿಗೆ ತಿಳಿಯಬಾರದು, ತಂಗಿಯ ಮದುವೆಗೆ ಅಡ್ಡಿಯಾಗಬಾರದು. ಎಚ್‌ಐವಿ ಇದೆಯೆಂದು ಗೊತ್ತಾದರೆ ತಟ್ಟೆ ಬೇರೆ, ಲೋಟ ಬೇರೆ, ಹಾಸಿಗೆ ಬೇರೆ. ಒಟ್ಟಿಗೆ ಉಣ್ಣುವುದರಿಂದ, ಅಪ್ಪಿಕೊಳ್ಳುವುದರಿಂದ, ಒಂದೇ ಶೌಚಾಲಯ ಬಳಸುವುದರಿಂದ ಈ ಸೋಂಕು ತಗಲುವುದಿಲ್ಲವೆಂಬ ಸತ್ಯ ಹತ್ತಾರು ವರ್ಷಗಳ ಪ್ರಚಾರದ ನಂತರವೂ ನಮ್ಮ ಅಡುಗೆ ಮನೆಗಳನ್ನು ತಲುಪಿಲ್ಲ. ಮಾತ್ರೆಯ ಡಬ್ಬಿಯನ್ನು ಮನೆಯಲ್ಲಿಡಲು ಹೆದರಿ ಔಷಧಿ ನಿಲ್ಲಿಸುವವರಿದ್ದಾರೆ. ಮೊಹಲ್ಲಾದ ಯಾರಾದರೂ ಕಂಡಾರೆಂದು ಹತ್ತಿರದ ಆಸ್ಪತ್ರೆ ಬಿಟ್ಟು ದೂರದ ಊರಿಗೆ ಹೋಗಿ, ಬಸ್ಸಿನ ಖರ್ಚು ಹೊಂದಿಸಲಾಗದೆ ಕೈಬಿಡುವವರಿದ್ದಾರೆ.

ಎರಡನೆಯದಾಗಿ ನಾವು ಮಾಡುವುದು ಇದಕ್ಕಿಂತಲೂ ಘೋರ. ‘ಮದುವೆ ಮಾಡಿದರೆ ಸರಿಹೋಗುತ್ತಾನೆ’ ಎಂಬ ಮಾತನ್ನು ಕೇಳದ ಮುಸ್ಲಿಮ್ ಮನೆ ಯಾವುದಿದೆ? ಚಟವನ್ನು ಮುಚ್ಚಿಟ್ಟು, ಕೆಲವೊಮ್ಮೆ ಸೋಂಕನ್ನೂ ಮುಚ್ಚಿಟ್ಟು, ಬಡ ಮನೆಯ ಹುಡುಗಿಯೊಬ್ಬಳನ್ನು ನಿಕಾಹ್ ಮಾಡಿ ತರಲಾಗುತ್ತದೆ. ಆಕೆ ಚಿಕಿತ್ಸಾಲಯವೇ? ಇದು ಆ ಹುಡುಗಿಗೆ ಮಾಡುವ ವಂಚನೆ, ಅಲ್ಲಾಹನ ಮುಂದೆ ಉತ್ತರಿಸಬೇಕಾದ ದ್ರೋಹ. ಸೋಂಕಿನ ಅರಿವಿರುವವನು ಸಂಗಾತಿಗೆ ಮೊದಲೇ ತಿಳಿಸುವುದೂ ಸೇರಿದಂತೆ ಅದು ಹರಡದಂತೆ ಎಚ್ಚರ ವಹಿಸುವುದು ಕಾಯ್ದೆಯ 10ನೆಯ ಸೆಕ್ಷನ್ ವಿಧಿಸಿದ ಹೊಣೆಯೂ ಹೌದು. ಊರಿಗೆಲ್ಲ ಸಾರಬೇಕಾಗಿಲ್ಲ, ಯಾರ ಬದುಕು ಅವನ ಬದುಕಿನೊಂದಿಗೆ ಬೆಸೆಯುತ್ತದೋ ಅವಳಿಗೆ ಹೇಳಲೇಬೇಕು. ಈಗಾಗಲೇ ಮದುವೆಯಾಗಿದ್ದರೆ ಪತ್ನಿಗೂ ಪರೀಕ್ಷೆಯಾಗಬೇಕು. ನಿತ್ಯ ಔಷಧಿ ಸೇವಿಸಿ ರಕ್ತದಲ್ಲಿ ವೈರಾಣು ಪತ್ತೆಯಾಗದ ಮಟ್ಟಕ್ಕೆ ಇಳಿದು, ಅಲ್ಲಿಯೇ ನಿಂತರೆ ದಾಂಪತ್ಯದ ಮೂಲಕ ಸೋಂಕು ದಾಟುವುದಿಲ್ಲ. ಗರ್ಭಿಣಿಗೆ ಸಕಾಲದಲ್ಲಿ ಔಷಧಿ ದೊರೆತರೆ ಮಗುವನ್ನೂ ಉಳಿಸಬಹುದು. ಸತ್ಯ ಹೇಳಿದ ಮನೆಗೆ ಈ ಎಲ್ಲ ಬಾಗಿಲುಗಳು ತೆರೆದಿವೆ, ಮುಚ್ಚಿಟ್ಟ ಮನೆಗೆ ಒಂದೂ ಇಲ್ಲ.

ಮೂರನೆಯದು, ಮಂತ್ರ ತಾಯಿತಗಳ ಮೊರೆ ಹೋಗುವುದು ಅಥವಾ ಬೀಗ ಜಡಿದ ಕೇಂದ್ರಗಳಿಗೆ ಮಗನನ್ನು ಒಪ್ಪಿಸುವುದು. 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ, ದರ್ಗಾದ ಹರಕೆ ನಂಬಿ ಬಂದಿದ್ದ ಮಾನಸಿಕ ಅಸ್ವಸ್ಥರನ್ನು ಸರಪಳಿಯಿಂದ ಬಿಗಿದಿಟ್ಟಿದ್ದ ಖಾಸಗಿ ಗುಡಿಸಲಿಗೆ ಬೆಂಕಿ ಬಿದ್ದು, 25ಕ್ಕೂ ಹೆಚ್ಚು ಮಂದಿ ಓಡಲೂ ಆಗದೆ ಸುಟ್ಟು ಸತ್ತರು. ರೋಗಿಯನ್ನು ಸರಪಳಿಯಲ್ಲಿ ಬಂಧಿಸುವುದನ್ನು 2017ರ ಮಾನಸಿಕ ಆರೋಗ್ಯ ಕಾಯ್ದೆ ಸಂಪೂರ್ಣ ನಿಷೇಧಿಸಿದೆ. ಮಗನನ್ನು ಎಲ್ಲಿಯಾದರೂ ಸೇರಿಸುವ ಮುನ್ನ, ಅಲ್ಲಿ ನೋಂದಣಿಯಿದೆಯೇ, ವೈದ್ಯರಿದ್ದಾರೆಯೇ, ಅವನ ಎಚ್‌ಐವಿ ಔಷಧಿಯನ್ನು ಒಂದು ದಿನವೂ ತಪ್ಪಿಸದೆ ಕೊಡುತ್ತಾರೆಯೇ ಎಂದು ಕೇಳುವ ಹೊಣೆ ತಂದೆ ತಾಯಿಯರದು.

ಮಸೀದಿಯ ಮೆಟ್ಟಿಲು

ಪ್ರವಾದಿವರ್ಯರ(ಸ) ಕಾಲದಲ್ಲಿ ಮದ್ಯದ ದೌರ್ಬಲ್ಯವಿದ್ದ ಒಬ್ಬ ವ್ಯಕ್ತಿ ಮತ್ತೆ ಮತ್ತೆ ಸಿಕ್ಕಿಬೀಳುತ್ತಿದ್ದರು. ಒಮ್ಮೆ ಅವರಿಗೆ ಶಿಕ್ಷೆಯಾದಾಗ ನೆರೆದವರಲ್ಲಿ ಒಬ್ಬರು ಶಪಿಸಿದರು. ಪ್ರವಾದಿಯವರು(ಸ) ಕೂಡಲೇ ತಡೆದು, ಆ ವ್ಯಕ್ತಿಗೆ ಅಲ್ಲಾಹನ ಮೇಲೂ ಅವನ ಸಂದೇಶವಾಹಕರ ಮೇಲೂ ಪ್ರೀತಿಯಿದೆಯೆಂದು ಹೇಳಿದ ಪ್ರಸಂಗವನ್ನು ಇಮಾಮ್ ಬುಖಾರಿಯವರು ದಾಖಲಿಸಿದ್ದಾರೆ. ತಪ್ಪನ್ನು ತಪ್ಪಲ್ಲವೆಂದು ಅಲ್ಲಿ ಯಾರೂ ಹೇಳಲಿಲ್ಲ. ಆದರೆ ತಪ್ಪಿತಸ್ಥನನ್ನು ಸಮುದಾಯದಿಂದ ಹೊರದಬ್ಬಲೂ ಇಲ್ಲ. ನಮ್ಮ ಜುಮಾ ಖುತ್ಬಾಗಳಲ್ಲಿ ಅಮಲಿನ ವಿರುದ್ಧ ಗುಡುಗು ಕೇಳಿಸುತ್ತದೆ. ಅಮಲಿಗೆ ಬಿದ್ದವನ ಕೈ ಹಿಡಿಯುವ ಮಾತು ಎಷ್ಟು ಬಾರಿ ಕೇಳಿಸಿದೆ?

ಶುದ್ಧ ಸೂಜಿ, ಬದಲಿ ಔಷಧಿ ಎಂದಾಗ ಇದು ಹರಾಮಿಗೆ ನೆರವಾದಂತಲ್ಲವೇ ಎಂಬ ಪ್ರಶ್ನೆ ಏಳುವುದು ಸಹಜ. ಎರಡು ಹಾನಿಗಳು ಎದುರಾದಾಗ ಸಣ್ಣದನ್ನು ಸಹಿಸಿ ದೊಡ್ಡದನ್ನು ತಡೆಯಬೇಕೆಂಬುದು ಫಿಕ್ಹ್‌ನ ಪ್ರಸಿದ್ಧ ಸೂತ್ರ. ಇರಾನಿನ ನ್ಯಾಯಾಂಗದ ಮುಖ್ಯಸ್ಥರಾಗಿದ್ದ ಆಯತುಲ್ಲಾ ಶಾಹ್ರೂದಿಯವರು 2005ರ ಜನವರಿಯಲ್ಲಿ, ಇಂಥ ಸೇವೆಗಳಿಗೆ ಅಡ್ಡಿಪಡಿಸಬಾರದೆಂದು ನ್ಯಾಯಾಂಗದ ಅಧಿಕಾರಿಗಳಿಗೆ ಆದೇಶಿಸಿದರು. ಮಲೇಶ್ಯಾದಲ್ಲಿ ಒಂದು ಕಾಲದಲ್ಲಿ ಹೊಸ ಸೋಂಕುಗಳಲ್ಲಿ ಬಹುಪಾಲು ಸೂಜಿಯಿಂದಲೇ ಬರುತ್ತಿದ್ದವು. 2005ರಲ್ಲಿ ಮೆಥಡೋನ್, 2006ರಲ್ಲಿ ಶುದ್ಧ ಸೂಜಿಯ ಕಾರ್ಯಕ್ರಮ ಆರಂಭವಾದ ನಂತರ ಆ ಪಾಲು ಇಳಿಯುತ್ತಾ ಬಂದು ಇಂದು ಅತ್ಯಲ್ಪವಾಗಿದೆ. 2010ರಲ್ಲಿ ಕೌಲಾಲಂಪುರದ ಅರ್ರಹ್ಮಾನ್ ಮಸೀದಿಯಲ್ಲೇ, ಮಲಯಾ ವಿಶ್ವವಿದ್ಯಾಲಯದ ವೈದ್ಯರ ನೆರವಿನಿಂದ, ಮೆಥಡೋನ್ ಚಿಕಿತ್ಸೆಯನ್ನು ನಮಾಝ್ ಮತ್ತು ಆಧ್ಯಾತ್ಮಿಕ ಮಾರ್ಗದರ್ಶನದೊಂದಿಗೆ ಜೋಡಿಸಲಾಯಿತು. ಮಸೀದಿಯ ಮೆಟ್ಟಿಲು ಹತ್ತಲು ನಾಚುತ್ತಿದ್ದವರು ಔಷಧಿಗಾಗಿ ಹತ್ತಿದರು.

ನಾವು ಮಲೇಶ್ಯಾದ ತನಕ ಹೋಗಬೇಕಾಗಿಯೂ ಇಲ್ಲ. ಶಿವಾಜಿನಗರದಲ್ಲೇ ಹಾಜಿ ಸರ್ ಇಸ್ಮಾಯೀಲ್ ಸೇಠ್ ಅವರ ಹೆಸರಿನ ಘೋಷಾ ಆಸ್ಪತ್ರೆಯಿದೆ. ಪರ್ದಾದ ಸಂಕೋಚದಿಂದ ಮಹಿಳೆಯರು ಆಸ್ಪತ್ರೆಗೆ ಹೋಗದೆ ಹೆರಿಗೆಯಲ್ಲಿ ಸಾಯುತ್ತಿದ್ದ ಕಾಲದಲ್ಲಿ, ಮೊದಲು ಸಂಕೋಚ ಬಿಟ್ಟು ಬನ್ನಿ ಎಂದು ಕಂಟೋನ್ಮೆಂಟಿನ ಆ ಹಿರಿಯರು ಉಪದೇಶಿಸಲಿಲ್ಲ. ಸಂಕೋಚವುಳ್ಳವರೂ ಬರಬಹುದಾದಂಥ ಆಸ್ಪತ್ರೆಯನ್ನೇ ಕಟ್ಟಿಸಿದರು. ನಾಚಿಕೆಯು ಚಿಕಿತ್ಸೆಗೆ ಅಡ್ಡಿಯಾದಾಗ ಚಿಕಿತ್ಸೆಯೇ ನಾಚಿಕೆಯ ಬಳಿಗೆ ನಡೆದು ಬರಬೇಕೆಂಬ ಈ ಪಾಠ ನಮ್ಮದೇ ಪಿತ್ರಾರ್ಜಿತ.

ನಾವು ಮಾಡಬಹುದಾದುದು

ನಮ್ಮ ಸಲಹೆಗಳು ದೊಡ್ಡ ಹಣ ಬೇಡುವಂಥವಲ್ಲ. ಪ್ರತಿಯೊಂದು ಮಸೀದಿ ಕಮಿಟಿಯೂ ಗುಟ್ಟು ಕಾಪಾಡಬಲ್ಲ ಇಬ್ಬರನ್ನು ಗುರುತಿಸಲಿ. ಚಟಗಾರನನ್ನಾಗಲಿ ಅವನ ಅಮ್ಮಿಯನ್ನಾಗಲಿ ಮೊದಲ ದಿನ ಆಸ್ಪತ್ರೆಗೆ ಕರೆದೊಯ್ಯುವುದು, ಸರದಿಯಲ್ಲಿ ಜೊತೆಗೆ ನಿಲ್ಲುವುದು ಅವರ ಕೆಲಸವಾಗಲಿ. ಬಡ ರೋಗಿಯ ಬಸ್ ಖರ್ಚಿಗೆ, ಕೆಲಸ ತಪ್ಪಿದ ದಿನದ ರೇಷನ್ನಿಗೆ ಬೈತುಲ್ ಮಾಲ್‌ನಿಂದ ನೆರವು ಸಿಗಲಿ. ಬಡವರಿಗೂ ನಿರ್ಗತಿಕರಿಗೂ ಝಕಾತಿನಲ್ಲಿ ಹಕ್ಕಿದೆಯೆಂದು ಕುರ್‌ಆನ್ ಸಾರಿರುವಾಗ, ರೋಗದ ಹೆಸರು ಕೇಳಿ ಆ ಹಕ್ಕನ್ನು ಮೊಟಕುಗೊಳಿಸಲು ನಾವು ಯಾರು?

ರಮಝಾನ್ ಬರುವ ಮುನ್ನ ಉಲೆಮಾಗಳೂ ವೈದ್ಯರೂ ಒಟ್ಟಿಗೆ ಕೂರಲಿ. ದಿನಕ್ಕೊಂದು ಮಾತ್ರೆ ಸೇವಿಸುವವನು ವೈದ್ಯರನ್ನು ಕೇಳಿ ಅದನ್ನು ಇಫ್ತಾರ್ ಅಥವಾ ಸಹರಿಯ ವೇಳೆಗೆ ಹೊಂದಿಸಿಕೊಳ್ಳಬಹುದು. ಆದರೆ ಬದಲಿ ಔಷಧಿಯನ್ನು ನಾಲಗೆಯಡಿಯಲ್ಲಿ ಇಡುವುದು ಹಗಲಲ್ಲಿ, ಕೇಂದ್ರದಲ್ಲಿ. ಉಪವಾಸ ಕೆಡುತ್ತದೆಂದು ಅದನ್ನು ಬಿಟ್ಟವನು ಈದ್ ಬರುವುದರೊಳಗೆ ಮತ್ತೆ ಸೂಜಿ ಹಿಡಿಯುವ ಅಪಾಯವಿದೆ. ರೋಗಿಗೆ ಅಲ್ಲಾಹನೇ ಕೊಟ್ಟ ರಿಯಾಯಿತಿಯನ್ನು ಅವನಿಗೆ ಸ್ಪಷ್ಟವಾಗಿ ತಿಳಿಸುವವರು ಬೇಕು.

ಇನ್ನೊಂದು ಮಾತನ್ನು ನೋವಿನಿಂದ ಹೇಳಬೇಕಾಗಿದೆ. ಏಡ್ಸ್‌ನಿಂದ ತೀರಿಕೊಂಡವರ ಮಯ್ಯಿತ್ ಸ್ನಾನಕ್ಕೆ ಜನ ಹಿಂದೆ ಸರಿಯುವುದುಂಟು. ಕೈಗವಸು ತೊಟ್ಟು, ಗಾಯಗಳಿದ್ದರೆ ಮುಚ್ಚಿ, ರಕ್ತ ಸ್ರಾವಗಳು ಮೈಗೆ ತಾಗದಂತೆ ಎಚ್ಚರ ವಹಿಸಿ ಗುಸ್ಲ್ ಮಾಡಿಸಬಹುದು. ಇದರ ತರಬೇತಿಯನ್ನು ಪ್ರತಿಯೊಂದು ಮೊಹಲ್ಲಾದಲ್ಲೂ ನಾಲ್ಕು ಮಂದಿಗೆ ಕೊಡಿಸುವುದು ಕಷ್ಟವೇನಲ್ಲ. ಸತ್ತವನಿಗೆ ಸ್ನಾನ ನಿರಾಕರಿಸುವ ಸಮುದಾಯದ ಬಳಿ ಬದುಕಿರುವವನು ತನ್ನ ರೋಗವನ್ನು ಹೇಳಿಕೊಳ್ಳುವನೆಂದು ನಿರೀಕ್ಷಿಸುವುದು ಹೇಗೆ?

ಎಚ್‌ಐವಿಯ ಮಾಹಿತಿಗೆ 1097, ಮಾದಕ ವ್ಯಸನದ ಸಲಹೆಗೆ 14446 ಎಂಬ ಸರಕಾರದ ಉಚಿತ ದೂರವಾಣಿ ಸಂಖ್ಯೆಗಳಿವೆ. ಇವನ್ನು ನಮಾಝ್ ವೇಳಾಪಟ್ಟಿಯ ಪಕ್ಕದಲ್ಲಿ ಬರೆದು ಹಾಕಲು ಒಂದು ಹಾಳೆ ಸಾಕು. ಯಾರು ಅದನ್ನು ಓದಿದರು, ಯಾರು ಗುರುತು ಹಾಕಿಕೊಂಡರು ಎಂದು ನೋಡದಿರುವ ಸೌಜನ್ಯವೂ ನಮಗಿರಲಿ.

ಒಂದು ಜೀವವನ್ನು ಉಳಿಸುವುದಕ್ಕೆ ಕುರ್‌ಆನ್ ಇಡೀ ಮಾನವಕುಲದ ತೂಕ ಕೊಟ್ಟಿದೆ. ಆ ಜೀವ ಪರಿಶುದ್ಧವಾಗಿರಬೇಕೆಂಬ ಷರತ್ತನ್ನು ಅದು ಹಾಕಿಲ್ಲ, ಹಾಕಿದವರು ನಾವು. ಕಗ್ಗದಾಸಪುರದ ಆ ಯುವಕ ನಾಳೆ ಬೆಳಿಗ್ಗೆ ಶಿವಾಜಿನಗರದ ಬಸ್ಸಿಗಾಗಿ ಕಾಯುತ್ತಾ ನಿಂತಿದ್ದರೆ, ಅವನನ್ನು ಕಂಡು ಮುಖ ತಿರುಗಿಸುವವರಲ್ಲಿ ನಾವಿರುತ್ತೇವೆಯೋ, ಸಲಾಮ್ ಹೇಳಿ ಜೊತೆಗೆ ಬಸ್ಸು ಹತ್ತುವವರಲ್ಲಿ ಇರುತ್ತೇವೆಯೋ ಎಂಬುದನ್ನು ಪ್ರತಿಯೊಂದು ಮನೆಯೂ ಇಂದೇ ತೀರ್ಮಾನಿಸಬೇಕಾಗಿದೆ.